ಶೋರೂಮಲ್ಲಿ ಮಿಂಚ್ತಿದ್ದ 55 ಇಂಚಿನ ಟಿವಿ ಮನೇಲ್ಯಾಕೆ ಹಿಂಗೆ? ಪಿಕ್ಚರ್ ಸೆಟಿಂಗ್ ಗೊತ್ತಿರೋರು ಹೇಳ್ರಪ್ಪ

ಕತ್ರಿಗುಪ್ಪೆ_ಕಿಟ್ಟಿ
ಶನಿವಾರ ರಾತ್ರಿ 10:40

ಎಲ್ರಿಗೂ ನಮಸ್ಕಾರ. ತಲೆ ಕೆಟ್ಟು ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ. ಹೋದ ವಾರ ಹಳೇ 32 ಇಂಚಿನ ಟಿವೀನ ಎಕ್ಸ್‌ಚೇಂಜಿಗೆ ಹಾಕೋಣ ಅಂತ ಹೋದ್ವಿ, ಅವ್ರು ಅದಕ್ಕೆ ಹೇಳಿದ ರೇಟ್ ಕೇಳಿ ಅಪ್ಪ ಅದನ್ನ ಕೊಡೋದೇ ಬೇಡ ಅಂದ್ರು, ಸರಿ ಅಂತ ಪೂರ್ತಿ ದುಡ್ಡು ಕೊಟ್ಟು 55 ಇಂಚಿನ 4ಕೆ ತಗೊಂಡ್ವಿ. ಅಂಗಡೀಲಿ ಒಂದು ಗಿಣಿ ವಿಡಿಯೋ ಓಡ್ತಿತ್ತು, ರೆಕ್ಕೆ ಪುಕ್ಕ ಒಂದೊಂದೂ ಎಣಿಸ್ಬೋದಿತ್ತು ಗುರು. ಮನೆಗೆ ತಂದು ಗೋಡೆಗೆ ಹಾಕ್ಸಿ ಅಮ್ಮನ ಸೀರಿಯಲ್ ಹಾಕಿದ್ರೆ ಎಲ್ರ ಮುಖಕ್ಕೂ ಮೇಣ ಬಳಿದು ಅದರ ಮೇಲೆ ಅರಿಶಿನ ಹಚ್ಚಿದಂಗೆ ಕಾಣತ್ತೆ. ಹಿಂದಿರೋ ಬಾಗಿಲು ಕಿಟಕಿ ಎಲ್ಲ ಕಲಸ್ಕೊಂಡಿದೆ. ಕ್ರಿಕೆಟ್ ಹಾಕಿದ್ರೆ ಹುಲ್ಲೆಲ್ಲ ಹಸಿರು ಪೇಂಟ್ ಚೆಲ್ಲಿದಂಗೆ.

ಅಪ್ಪ ಎರಡು ದಿನ ಸುಮ್ನಿದ್ದು ಮೂರನೇ ದಿನ "ಇದಕ್ಕಾ ಇಷ್ಟು ದುಡ್ಡು ಸುರ್ದಿದ್ದು, ಹಳೇದೇ ವಾಸಿ" ಅಂತ ತಮ್ಮ ಪ್ಲಾಸ್ಟಿಕ್ ಚೇರ್ ಎತ್ಕೊಂಡು ರೂಮಿಗೆ ಹೋಗಿ ಆ 32 ಇಂಚಿನ ಮುಂದೆ ಕೂತ್ಬಿಟ್ರು. ಮಜಾ ಏನಂದ್ರೆ ಅದ್ರಲ್ಲಿ ನಿಜವಾಗ್ಲೂ ಚೆನ್ನಾಗೇ ಕಾಣತ್ತೆ! ಹಾಲಲ್ಲಿ ನಾವು ಕೂರೋದು ಸುಮಾರು 9 ಅಡಿ ದೂರ. ಪೀಸೇ ಡಿಫೆಕ್ಟ್ ಇರ್ಬೋದಾ, ವಾಪಸ್ ಕೊಡೋಕೆ ಇನ್ನು ನಾಲ್ಕೇ ದಿನ ಟೈಮಿದೆ.

ಹಳೆ_ಡಯನೋರಾ
ಶನಿವಾರ ರಾತ್ರಿ 11:15

ಸ್ವಾಮಿ, ಪೀಸಿನ ಮೇಲೆ ಅನುಮಾನ ಪಡೋಕ್ ಮುಂಚೆ ಒಂದ್ ಕೆಲಸ ಮಾಡಿ. ಟಿವಿ ಹಿಂದೆ ಕೈ ಹಾಕಿ ಸೆಟ್‌ಟಾಪ್ ಬಾಕ್ಸಿಂದ ಯಾವ ವೈರು ಬಂದಿದೆ ಅಂತ ನೋಡಿ. ಆಮೇಲೆ ಅಮ್ಮ ನೋಡೋ ಚಾನಲ್ಲು ಎಸ್‌ಡಿನೋ (ಹಳೇ ಥರದ್ದು, ಚುಕ್ಕಿ ಕಮ್ಮಿ) ಎಚ್‌ಡಿನೋ (ಚುಕ್ಕಿ ಜಾಸ್ತಿ, ಚಿತ್ರ ಸ್ಪಷ್ಟ) ಹೇಳಿ.

ಅಂಗಡಿಯ ಗಿಣಿ ಬಗ್ಗೆ ಒಂದು ಮಾತು. ಅದು ಟಿವಿ ಕಂಪನಿಯವರೇ ಶೂಟ್ ಮಾಡ್ಸಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿರೋ ಅಪ್ಪಟ 4ಕೆ ವಿಡಿಯೋ. ನಿಮ್ಮ ಟಿವಿ ಪರದೆ ಮೇಲೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ, ಅಂದ್ರೆ ಸುಮಾರು 83 ಲಕ್ಷ. ಎಸ್‌ಡಿ ಚಾನಲ್ಲಲ್ಲಿ ಬರೋದು ಹೆಚ್ಚಂದ್ರೆ 720 ಇಂಟು 576, ನಾಲ್ಕು ಲಕ್ಷದ ಚಿಲ್ಲರೆ. ಭಾಗಿಸಿ ನೋಡಿ, ಸರಿಯಾಗಿ 20 ಬರುತ್ತೆ. ಒಂದ್ ಚುಕ್ಕಿ ಕೊಟ್ಟು ಮಿಕ್ಕ 19 ಚುಕ್ಕಿ ನೀನೇ ಇಟ್ಕೊಂಡು ರಂಗೋಲಿ ತುಂಬ್ಸು ಅಂದ್ರೆ ಟಿವಿ ತಾನೇ ಏನ್ ಮಾಡ್ಬೇಕು, ಪಾಪ ತೋಚಿದ್ದು ಬಳಿಯುತ್ತೆ. ನೀವಂದ ಮೇಣ ಅದೇ.

ಇನ್ನು ಹಳೇದು ಯಾಕೆ ಚೆನ್ನಾಗಿದೆ ಅಂದ್ರೆ, ಕಣ್ಣು ಸರಿ ಇರೋರಿಗೆ 32 ಇಂಚಲ್ಲಿ ಎಸ್‌ಡಿಯ ಚುಕ್ಕಿ ಬೇರೆ ಬೇರೆಯಾಗಿ ಕಾಣೋದು ಹೆಚ್ಚುಕಮ್ಮಿ 8 ಅಡಿ ತನಕ. ನೀವು 9 ಅಡೀಲಿ ಕೂತಿದ್ರಿ, ಹುಳುಕೆಲ್ಲ ಮುಚ್ಹೋಗಿತ್ತು. ಅದೇ ಎಸ್‌ಡಿನ 55 ಇಂಚಿಗೆ ಎಳೆದ್ರೆ 13 ಅಡಿ ಹಿಂದೆ ಹೋಗ್ಬೇಕು. ನಿಮ್ಮ ಹಾಲಲ್ಲಿ 13 ಅಡಿ ಹಿಂದೆ ಹೋದ್ರೆ ಅಡಿಗೆಮನೆ ಬರುತ್ತೇನೋ.

ಕತ್ರಿಗುಪ್ಪೆ_ಕಿಟ್ಟಿ
ಭಾನುವಾರ ಬೆಳಿಗ್ಗೆ 8:05

ಸಾರ್ ನೋಡ್ದೆ. ಕೆಂಪು ಬಿಳಿ ಹಳದಿ ಮೂರು ಪಿನ್ನಿನ ವೈರು. ಟಿವೀಲಿ ಅದಕ್ಕೆ ತೂತೇ ಇರ್ಲಿಲ್ಲ, ಹಾಕೋಕ್ ಬಂದಿದ್ದ ಹುಡುಗ ಒಂದು ಗಿಡ್ಡ ಅಡಾಪ್ಟರ್ ಕೊಟ್ಟು ಜೋಡಿಸಿ ಹೋದ. ಬಾಕ್ಸ್ 2014ರದ್ದು, ಎಚ್‌ಡಿ ಚಿತ್ರ, ಸೌಂಡ್ ಎರಡೂ ಒಂದೇ ವೈರಲ್ಲಿ ಕಳಿಸೋ ಎಚ್‌ಡಿಎಂಐ ಪೋರ್ಟೇ ಇಲ್ಲ. ಹೇಳೋಕೆ ನಾಚಿಕೆ ಆಗತ್ತೆ, 2025ರ ಜೂನ್ 3ಕ್ಕೆ ಆರ್‌ಸಿಬಿ ಕಪ್ ಎತ್ತಿದ್ದನ್ನೂ ಇದೇ ಹಳದಿ ವೈರಲ್ಲಿ ನೋಡಿ ಕಣ್ಣೀರ್ ಹಾಕಿದೀವಿ.

ಬೋಂಡಾಸೂಪ್
ಭಾನುವಾರ ಬೆಳಿಗ್ಗೆ 8:30

ಮಗಾ ಡಿಕಾಕ್ಷನ್ ಅಷ್ಟೇ ಇಟ್ಕೊಂಡು ಲೋಟ ಮಾತ್ರ ದೊಡ್ಡದ್ ತಂದಿದೀಯಾ 😂

ಆ ಹಳದಿ ಪಿನ್ನಲ್ಲಿ ಎಚ್‌ಡಿ ಬರೋದೇ ಇಲ್ಲ, ತಲೆಕೆಳಗಾಗಿ ನಿಂತ್ರೂ ಬರಲ್ಲ. ಮೊದ್ಲು ಎಚ್‌ಡಿ ಬಾಕ್ಸ್ ತರ್ಸು. ವೈರ್ ಬಾಕ್ಸ್ ಜೊತೇಲೇ ಬರತ್ತೆ, ಬರ್ಲಿಲ್ಲ ಅಂದ್ರೆ ಎಸ್‌ಪಿ ರೋಡಿಗೆ ಹೋಗಿ ಸಾದಾ ಎಚ್‌ಡಿಎಂಐ ಕೇಬಲ್ ತಗೋ. ಚಿನ್ನದ ಲೇಪ, ಡಬಲ್ ಶೀಲ್ಡು ಅಂತ ಬಣ್ಣದ ಡಬ್ಬ ತೋರಿಸ್ತಾರೆ, ಮರುಳಾಗ್ಬೇಡ. ಅದರೊಳಗೆ ಹೋಗೋದು ಡಿಜಿಟಲ್ ಸಿಗ್ನಲ್ಲು, ಎರಡು ಮೀಟರ್ ದೂರಕ್ಕೆ ಕಮ್ಮಿ ರೇಟಿಂದೂ ಅದೇ ಚಿತ್ರ ಕೊಡತ್ತೆ, ಕೆಟ್ಟೋಗಿದ್ರೆ ಚುಕ್ಕಿ ಮಿಣುಕತ್ತೆ ಇಲ್ಲಾ ಪರದೆ ಕಪ್ಪಾಗತ್ತೆ, ಅದಷ್ಟೇ ವ್ಯತ್ಯಾಸ. ಮಿಕ್ಕಿದ ದುಡ್ಡಲ್ಲಿ ಮಸಾಲೆ ದೋಸೆ ತಿನ್ನು.

ರಾಜಾಜಿನಗರದವಳು
ಭಾನುವಾರ ಬೆಳಿಗ್ಗೆ 9:50

ಬಾಕ್ಸ್ ತಂದ ತಕ್ಷಣ ಎಲ್ಲ ಸರಿಹೋಗತ್ತೆ ಅನ್ಕೋಬೇಡಿ, ನನ್ನ ಕಥೆ ಕೇಳಿ. ನಮ್ಮನೇಲಿ ಎಚ್‌ಡಿ ಬಾಕ್ಸು ಇತ್ತು, ಎಚ್‌ಡಿಎಂಐ ವೈರಿತ್ತು, ಪ್ಯಾಕಿಗೆ ತಿಂಗಳು ತಿಂಗಳು ದುಡ್ಡೂ ಕಟ್ತಿದ್ವಿ. ಆದ್ರೂ ಎರಡು ವರ್ಷ ನೋಡಿದ್ದು ಎಸ್‌ಡಿನೇ! ಯಾಕಂದ್ರೆ ನಮ್ಮತ್ತೆಗೆ ಹಳೇ ಚಾನಲ್ ನಂಬರ್ ಬಾಯಿಪಾಠ, ರಿಮೋಟ್ ನೋಡ್ದೇ ಒತ್ತೋರು. ಕಲರ್ಸ್ ಕನ್ನಡ, ಜೀ ಕನ್ನಡ, ಉದಯ, ಸ್ಟಾರ್ ಸುವರ್ಣ ಇವೆಲ್ಲಕ್ಕೂ ಎಚ್‌ಡಿ ಬೇರೆ ಇದೆ, ಬೇರೆ ನಂಬರ್. 2019ರಲ್ಲಿ ಟ್ರಾಯ್ (ಟಿವಿ, ಫೋನ್ ಕಂಪನಿಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ) ಹೊಸ ದರ ಪದ್ಧತಿ ತಂದ್ಮೇಲೆ ಚಾನಲ್ ಒಂದೊಂದೇ ಆರಿಸ್ಕೋಬೋದಲ್ವಾ, ನಾನು ಆಮೇಲಾಮೇಲೆ ಬುದ್ಧಿ ಬಂದು ಎರಡೆರಡು ಇದ್ದ ಕಡೆ ಎಸ್‌ಡಿನ ತೆಗ್ಸಿಬಿಟ್ಟೆ. ಈಗ ಅತ್ತೆ ಹಳೇ ನಂಬರ್ ಒತ್ತಿದ್ರೆ "ಸಬ್‌ಸ್ಕ್ರೈಬ್ ಮಾಡಿಲ್ಲ" ಅಂತ ಬರತ್ತೆ, ಒಂದ್ ವಾರ ನನ್ನ ಮೇಲೆ ಕೋಪ ಮಾಡ್ಕೊಂಡ್ರು, ಆಮೇಲೆ ಹೊಸ ನಂಬರ್ ಕಲಿತ್ರು.

ಇನ್ನೊಂದು, ಬಾಕ್ಸಿನ ಸೆಟಿಂಗ್ಸಲ್ಲಿ ವಿಡಿಯೋ ಔಟ್‌ಪುಟ್ ಅಂತ ಇರತ್ತೆ. ನಮ್ಮದ್ರಲ್ಲಿ ಅದು 576ರಲ್ಲೇ, ಅಂದ್ರೆ ಎಸ್‌ಡಿಯಲ್ಲೇ ಕೂತಿತ್ತು. ಎಚ್‌ಡಿಯ 1080ಐ ಮಾಡಿ, ಆಸ್ಪೆಕ್ಟ್ ರೇಶಿಯೋ (ಚಿತ್ರದ ಅಗಲ ಎತ್ತರದ ಅಳತೆ) 16:9 ಇಡಿ. ಹಳೇ ಪಿಚ್ಚರ್‌ಗಳು 4:3 ಚೌಕದಲ್ಲಿ ಬರುತ್ತಲ್ಲ, ಅದನ್ನ ಟಿವಿ ಪೂರ್ತಿ ಎಳೆದು ತುಂಬ್ಸಿದ್ರೆ ಹೀರೋಯಿನ್ನೆಲ್ಲ ದುಂಡಗಾಗೋಗ್ತಾರೆ. ಎರಡೂ ಕಡೆ ಕಪ್ಪು ಪಟ್ಟಿ ಇದ್ರೆ ಇರ್ಲಿ ಬಿಡಿ, ಅದು ಇರ್ಬೇಕಾದ್ದೇ.

ಕತ್ರಿಗುಪ್ಪೆ_ಕಿಟ್ಟಿ
ಮಂಗಳವಾರ ರಾತ್ರಿ 9:20

ಅಪ್ಡೇಟ್: ಎಚ್‌ಡಿ ಬಾಕ್ಸ್ ಬಂತು. ಕಲಸ್ಕೊಂಡಿದ್ದೆಲ್ಲ ಬಿಡಿಸ್ಕೊಂಡಿದೆ, ಹಿಂದಿರೋ ಗೋಡೆ ಮೇಲಿನ ಕ್ಯಾಲೆಂಡರಲ್ಲಿ ತಾರೀಕು ಓದ್ಬೋದು. ಆದ್ರೆ ಎರಡು ಕಿರಿಕ್ ಹಂಗೇ ಇದೆ. ಒಂದು, ಕೆಳಗಡೆ ಓಡೋ ಅಕ್ಷರ ಅರ್ಧ ಕಟ್, ಕ್ರಿಕೆಟ್ ಸ್ಕೋರ್ ಪಟ್ಟೀನೂ ಅಂಚಲ್ಲಿ ಕತ್ತರಿಸಿದಂಗಿದೆ. ಎರಡನೇದು ದೆವ್ವದ ಕಾಟ. ಅರಿಶಿನದ ಮುಖ ಹೋಗ್ಲಿ ಅಂತ ಪಿಕ್ಚರ್ ಮೋಡ್ ವಿವಿಡ್‌ನಿಂದ ಸ್ಟ್ಯಾಂಡರ್ಡ್ ಮಾಡ್ತೀನಿ, ಸರಿ ಹೋಗತ್ತೆ, ಕಾಫಿ ಕುಡ್ದು ಬರೋಷ್ಟ್ರಲ್ಲಿ ಅದೇ ತಾನಾಗೇ ವಾಪಸ್ ವಿವಿಡ್ ಆಗಿರತ್ತೆ. ಅಮ್ಮ ನಾನು ಮುಟ್ಟಿಲ್ಲ ಅಂತ ಆಣೆ ಇಡ್ತಾರೆ.

ಡಿಶ್_ಫಿಟ್ಟರ್
ಮಂಗಳವಾರ ರಾತ್ರಿ 10:02

ಸಾರ್ ನಾನು ಇದೇ ಫೀಲ್ಡಲ್ಲಿರೋನು, ಅಮ್ಮಂದು ತಪ್ಪಿಲ್ಲ. ನಿಮ್ಮ ಟಿವಿ ಇನ್ನೂ ಅಂಗಡೀಲೇ ಇದೀನಿ ಅನ್ಕೊಂಡಿದೆ. ಹೊಸ ಟಿವಿ ಮೊದಲ್ನೇ ಸಲ ಆನ್ ಮಾಡ್ದಾಗ ಮನೆಗಾ ಅಂಗಡಿಗಾ ಅಂತ ಕೇಳತ್ತೆ. ಹುಡುಗ್ರು ದಿನಕ್ಕೆ ಹತ್ತು ಮನೆ ಮುಗಿಸ್ಬೇಕು, ಬೆರಳು ಎಲ್ಲಿ ಬಿತ್ತೋ ಅಲ್ಲಿ ಓಕೆ. ಶಾಪ್ ಮೋಡ್, ಸ್ಟೋರ್ ಮೋಡ್, ರಿಟೇಲ್ ಮೋಡ್ ಹಿಂಗೆ ಒಂದೊಂದ್ರಲ್ಲಿ ಒಂದೊಂದು ಹೆಸ್ರು. ಶೋರೂಮಿಗೆ ಬಂದ ಗಿರಾಕಿ ಸೆಟಿಂಗ್ ಕೆಡಿಸಿ ಹೋದ್ರೂ ಸ್ವಲ್ಪ ಹೊತ್ತಲ್ಲೇ ತಾನಾಗೇ ಫುಲ್ ಬ್ರೈಟಿಗೆ ಬರ್ಲಿ ಅಂತ ಅದನ್ನ ಮಾಡಿರೋದು. ಸೆಟಿಂಗ್ಸ್, ಜನರಲ್ ಅಥವಾ ಸಿಸ್ಟಮ್ ಒಳಗೆ ಹುಡುಕಿ ಹೋಮ್ ಮೋಡ್ ಮಾಡಿ. ಸಿಗ್ಲಿಲ್ಲ ಅಂದ್ರೆ ಫ್ಯಾಕ್ಟರಿ ರೀಸೆಟ್ ಹೊಡ್ದು ಈ ಸಲ ನೀವೇ ಕೂತು ಓದಿ ಓದಿ ಓಕೆ ಕೊಡಿ.

ಅಂಚು ಕಟ್ ಆಗೋದು ಓವರ್‌ಸ್ಕ್ಯಾನ್. ಹಿಂದೆ ಪಿಕ್ಚರ್ ಟ್ಯೂಬ್ ಟಿವಿ ಇದ್ದಾಗ ಅಂಚಲ್ಲಿ ಚಿತ್ರ ಸೊಟ್ಟ ಬರ್ತಿತ್ತು, ಮುಚ್ಚೋಕೆ ಸ್ವಲ್ಪ ದೊಡ್ಡದ್ ಮಾಡಿ ಅಂಚನ್ನ ಹೊರಗೆ ತಳ್ತಿದ್ರು, ಆ ಚಾಳಿ ಇನ್ನೂ ಬಿಟ್ಟಿಲ್ಲ. ಎಲ್‌ಜೀಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗಲ್ಲಿ ಫಿಟ್ ಟು ಸ್ಕ್ರೀನ್, ಸೋನೀಲಿ ಫುಲ್ ಪಿಕ್ಸೆಲ್. ಮಿಕ್ಕವ್ರದ್ರಲ್ಲಿ ಪಿಕ್ಚರ್ ಸೈಜ್ ಒಳಗೆ ಇರತ್ತೆ. ಹಾಕಿದ್ರೆ ಅಕ್ಷರದ ಜೊತೆ ಚಿತ್ರಾನೂ ಒಂಚೂರು ಚುರುಕಾಗತ್ತೆ, ಸುಮ್ನೆ ಹಿಗ್ಗಿಸೋದು ತಪ್ಪತ್ತಲ್ಲ.

ಕತ್ರಿಗುಪ್ಪೆ_ಕಿಟ್ಟಿ
ಮಂಗಳವಾರ ರಾತ್ರಿ 10:31

ಅಯ್ಯೋ ಅಣ್ಣ ಕಾಲಿಗ್ ಬೀಳ್ಬೇಕು ನಿಮ್ಗೆ. ಸ್ಟೋರ್ ಮೋಡಲ್ಲೇ ಇತ್ತು!! ಹತ್ತು ದಿನದಿಂದ!! ವಾಪಸ್ ಕೊಡೋ ಮಾತು ಕ್ಯಾನ್ಸಲ್. ಈಗ ಹೇಳಿ, ಬ್ರೈಟ್‌ನೆಸ್ಸು ಕಾಂಟ್ರಾಸ್ಟು ಎಷ್ಟೆಷ್ಟು ಇಡ್ಬೇಕು? ಯಾರಾದ್ರೂ ನಂಬರ್ ಕೊಡಿ, ಹಾಕ್ಕೊಂಡ್ಬಿಡ್ತೀನಿ.

ಪಿಕ್ಸೆಲ್_ಪಾಪಣ್ಣ
ಬುಧವಾರ ಬೆಳಿಗ್ಗೆ 7:12

ನಂಬರ್ ಕೊಡಲ್ಲ, ಯಾಕಂದ್ರೆ ನನ್ನ ಕನ್ನಡಕ ನಿಮಗೆ ಆಗಲ್ಲ. ಬದ್ಲಿಗೆ ನೋಡೋದ್ ಹೇಗೆ ಅಂತ ಹೇಳ್ತೀನಿ, ಅರ್ಧ ಗಂಟೆ ಸಾಕು, ರಾತ್ರಿ ಕೂತ್ಕೊಳ್ಳಿ.

ಮೊದ್ಲು ಮೋಡು. ವಿವಿಡ್, ಡೈನಾಮಿಕ್ ಇವೆರಡ್ರ ಹತ್ರ ಹೋಗ್ಲೇಬೇಡಿ. ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಮೋಡ್ ಅಂತ ಯಾವ್ದಿದೆಯೋ ಅದು ಇಡಿ. ಫಿಲ್ಮ್‌ಮೇಕರ್ ಮೋಡ್ ಅನ್ನೋದನ್ನ 2019ರಲ್ಲಿ ಯುಎಚ್‌ಡಿ ಅಲಯನ್ಸ್ ಅನ್ನೋ ಒಕ್ಕೂಟ ತಂದಿದ್ದು, ಸಿನಿಮಾದವ್ರು ಹೆಂಗ್ ಮಾಡಿದಾರೋ ಹಂಗೇ ತೋರ್ಸು, ನಿನ್ನ ಜಾಣತನ ಬೇಡ ಅಂತ ಟಿವಿಗೆ ಹೇಳೋ ಬಟನ್ ಅದು. ಹಾಕಿದ ತಕ್ಷಣ ಚಿತ್ರ ಮಂಕಾಗಿ ಹಳದಿಯಾಗಿ ಕಾಣತ್ತೆ, ಇದೇನು ಕಾಮಾಲೆ ಬಂತಾ ಅನ್ಸತ್ತೆ. ನಾಲ್ಕು ದಿನ ತಡ್ಕೊಳ್ಳಿ. ಆಮೇಲೆ ವಿವಿಡ್‌ಗೆ ಹಾಕಿ ನೋಡಿದ್ರೆ ಅದೇ ಟ್ಯೂಬ್‌ಲೈಟ್ ನೀಲಿ ಅನ್ಸತ್ತೆ.

ಬ್ರೈಟ್‌ನೆಸ್ ಅಂದ್ರೆ ಬೆಳಕಲ್ಲ, ಇಲ್ಲೇ ಎಲ್ರೂ ಎಡವೋದು. ಬೆಳಕು ಬೇಕಂದ್ರೆ ಬ್ಯಾಕ್‌ಲೈಟ್, ಅಂದ್ರೆ ಪರದೆ ಹಿಂದಿನ ದೀಪ ಏರಿಸಿ. ಬ್ರೈಟ್‌ನೆಸ್ ಏರಿಸೋದು ಇಳಿಸೋದು ಕಪ್ಪನ್ನ. (ಸೋನಿ ಈಚಿನ ಟಿವಿಗಳಲ್ಲಿ ಬ್ಯಾಕ್‌ಲೈಟಿಗೇ ಬ್ರೈಟ್‌ನೆಸ್ ಅಂತ ಹೆಸರಿಟ್ಟು ಇದಕ್ಕೆ ಬ್ಲ್ಯಾಕ್ ಲೆವೆಲ್ ಅಂದಿದಾರೆ, ಹೊಟ್ಟೆಗೇನ್ ತಿಂತಾರೋ.) ರಾತ್ರಿ ಸೀನ್ ಒಂದನ್ನ ಪಾಸ್ ಮಾಡಿ, ಕರೀ ಕೋಟು ಹಾಕಿರೋನು ಇದ್ರೆ ಒಳ್ಳೇದು. ಕೋಟು ಬೂದಿ ಬಣ್ಣಕ್ಕೆ ತಿರುಗಿದ್ರೆ ಬ್ರೈಟ್‌ನೆಸ್ ಜಾಸ್ತಿ ಆಗಿದೆ. ಕೋಟಿನ ಗುಂಡಿ, ಜೇಬು, ಕಾಲರ್ ಮಡಿಕೆ ಎಲ್ಲ ಕತ್ತಲಲ್ಲಿ ಮುಳುಗಿದ್ರೆ ಕಮ್ಮಿ ಆಗಿದೆ. ಗುಂಡಿ ಆಗಷ್ಟೇ ಕಾಣೋ ಕಡೆ ನಿಲ್ಸಿ. ಕಾಂಟ್ರಾಸ್ಟಿಗೆ ಉಲ್ಟಾ, ಬಿಳಿ ಪಂಚೆ ಉಟ್ಟಿರೋ ಗೌಡ್ರನ್ನ ಹಗಲು ಬಿಸಿಲಲ್ಲಿ ಹುಡುಕಿ ಪಾಸ್ ಮಾಡಿ. ಪಂಚೆ ನೆರಿಗೆ ಕಾಣದೇ ಬರೀ ಬಿಳಿ ಹಾಳೆ ಥರ ಇದ್ರೆ ಇಳಿಸ್ತಾ ಬನ್ನಿ, ನೆರಿಗೆ ಒಂದೊಂದೇ ಎದ್ದು ಬರತ್ತೆ.

ಶಾರ್ಪ್‌ನೆಸ್ಸು. ಜಾಸ್ತಿ ಮಾಡಿದಷ್ಟೂ ಕ್ಲಿಯರ್ ಅನ್ಕೊಂಡಿರ್ತೀವಿ, ಅದು ಇಲ್ಲದ ಅಂಚು ಗೀರೋದು. ಟಿವಿ ಹತ್ರ ಹೋಗಿ ಮೂಲೇಲಿರೋ ಚಾನಲ್ ಲೋಗೋ ನೋಡಿ, ಅಕ್ಷರದ ಸುತ್ತ ಬೆಳ್ಳಗೆ ಒಂದು ಗೆರೆ, ಚಾಕ್‌ಪೀಸಲ್ಲಿ ತಿದ್ದಿದಂಗೆ. ಆ ಗೆರೆ ಮಾಯ ಆಗೋ ತನಕ ಇಳಿಸಿ. ತುಂಬಾ ಟಿವೀಲಿ ಅದು ಸೊನ್ನೆ ಹತ್ರ ಬಂದು ನಿಲ್ಲತ್ತೆ, ಸೋನೀಲಿ ಮಾತ್ರ 50ರ ಹತ್ರ, ಅದಕ್ಕಿಂತ ಕೆಳಗೆ ಹೋದ್ರೆ ಮಸುಕಾಗತ್ತೆ. ನೋಯ್ಸ್ ರಿಡಕ್ಷನ್ (ಚಿತ್ರದ ಮೇಲಿನ ಕಾಳು ಕಾಳು ಅಳಿಸೋದು) ಎಚ್‌ಡಿಗೆ ಆಫ್, ಎಸ್‌ಡಿಗೆ ಬೇಕಾದ್ರೆ ಲೋ. ಮೇಣದ ಮುಖಕ್ಕೆ ಅದೂ ಒಂದ್ ಕಾರಣ. ಆಮೇಲೆ ಎನರ್ಜಿ ಸೇವಿಂಗ್ ಅಂತ ಇರತ್ತೆ, ಅದು ಆನ್ ಇದ್ರೆ ನೀವು ಏನೇ ಇಟ್ರೂ ಟಿವಿ ಬೆಳಕನ್ನ ತನಗ್ ಬೇಕಾದಂಗೆ ಏರಿಸಿ ಇಳಿಸ್ತಿರತ್ತೆ.

ಕೊನೇದು ಮೋಷನ್. ಎಲ್‌ಜಿ ಟ್ರೂಮೋಷನ್, ಸೋನಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್ ಆಟೋ ಮೋಷನ್ ಪ್ಲಸ್, ಎಲ್ಲ ಒಂದೇ ಕುಲ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಟಿವಿ ಎರಡು ಚಿತ್ರದ ನಡುವೆ ತಾನೇ ಊಹಿಸಿ ಇನ್ನಷ್ಟು ಚಿತ್ರ ತುರುಕತ್ತೆ, ಕೋಟಿಗಟ್ಲೆ ಖರ್ಚು ಮಾಡಿ ತೆಗೆದ ಪಿಚ್ಚರ್ ಮದುವೆ ವಿಡಿಯೋ ಥರ ನುಣ್ಣಗೆ ಜಾರತ್ತೆ. ಆಫ್ ಮಾಡಿ.

ಬೋಂಡಾಸೂಪ್
ಬುಧವಾರ ಬೆಳಿಗ್ಗೆ 8:45

ಪಾಪಣ್ಣೋರೇ ಕ್ರಿಕೆಟ್‌ಗೆ ಮೋಷನ್ ಬೇಕೇ ಬೇಕು, ಆಫ್ ಮಾಡಿದ್ರೆ ಬಾಲ್ ಕುಪ್ಪಳಿಸತ್ತೆ.

ಪಿಕ್ಸೆಲ್_ಪಾಪಣ್ಣ
ಬುಧವಾರ ಬೆಳಿಗ್ಗೆ 9:10

ಎಚ್‌ಡಿ ಚಾನಲ್ 1080ಐ, ಅಂದ್ರೆ ಅರ್ಧರ್ಧ ಗೆರೆಯ ಚಿತ್ರ ಸೆಕೆಂಡಿಗೆ 50 ಬರತ್ತೆ. ಲೈವ್ ಮ್ಯಾಚಿಗೆ ಅದೇ ಧಾರಾಳ. ಮೋಷನ್ ಹೈನಲ್ಲಿಟ್ಟು ಸಿಕ್ಸರ್ ರೀಪ್ಲೇ ನೋಡಿ, ಜನರ ಮುಂದೆ ಬಾಲ್ ಹಾದು ಹೋಗುವಾಗ ಅದರ ಸುತ್ತ ಗಾಳಿ ಕಲಕಿದಂಗಾಗತ್ತೆ, ಒಂದೊಂದ್ಸಲ ಬಾಲೇ ಮಾಯ. ಬೇಕೇ ಬೇಕು ಅಂದ್ರೆ ಲೋ ಇಡಿ, ಜಗಳ ಬೇಡ.

ಹಳೆ_ಡಯನೋರಾ
ಬುಧವಾರ ಬೆಳಿಗ್ಗೆ 11:00

ಪಾಪಣ್ಣನವರು ಹೇಳಿದ್ದು ರಾತ್ರಿ ದೀಪ ಆರಿಸ್ಕೊಂಡು ನೋಡೋರಿಗೆ ಸರಿ. ನಮ್ಮನೆ ಹಾಲಿಗೆ ಪಶ್ಚಿಮದ ಕಿಟಕಿ, ಸಂಜೆ ನಾಲ್ಕರಿಂದ ಆರರ ತನಕ ಬಿಸಿಲು ನೇರ ಪರದೆಗೆ ಹೊಡೆಯುತ್ತೆ, ಆಗ ಸಿನಿಮಾ ಮೋಡಲ್ಲಿ ಕಾಣೋದು ನನ್ನ ಬೋಳು ತಲೆ ಮಾತ್ರ. ಹಗಲಿಗೆ ಸ್ಟ್ಯಾಂಡರ್ಡ್, ಬ್ಯಾಕ್‌ಲೈಟ್ ಪೂರ್ತಿ. ರಾತ್ರಿಗೆ ಸಿನಿಮಾ. ಅದಕ್ಕಿಂತ ದೊಡ್ಡ ಸೆಟಿಂಗ್ ಅಂದ್ರೆ ದಪ್ಪ ಕರ್ಟನ್, ಅದನ್ನ ಯಾರೂ ಹೇಳಲ್ಲ. ಟಿವಿ ಎದುರು ಗೋಡೆ ಮೇಲೆ ಟ್ಯೂಬ್‌ಲೈಟ್ ಇದ್ರೆ ಅದನ್ನ ಆರಿಸಿ ಪಕ್ಕದ ಗೋಡೆದು ಹಾಕ್ಕೊಳ್ಳಿ.

ಕಿಟ್ಟಿಯವರೇ, ಗೋಡೆಗೆ ಎಷ್ಟು ಎತ್ತರದಲ್ಲಿ ಹಾಕ್ಸಿದ್ದೀರಿ?

ಕತ್ರಿಗುಪ್ಪೆ_ಕಿಟ್ಟಿ
ಬುಧವಾರ ಮಧ್ಯಾಹ್ನ 1:20

ಕೆಳಗೆ ಶೋಕೇಸ್ ಇದೆ ಸಾರ್, ಗೊಂಬೆ ಇಡೋದು. ಅದರ ಮೇಲೆ. ಕತ್ತೆತ್ತಿ ನೋಡ್ಬೇಕು 😬

ಹಳೆ_ಡಯನೋರಾ
ಬುಧವಾರ ಮಧ್ಯಾಹ್ನ 1:45

ಅಂದ್ಕೊಂಡೆ. ದೇವರ ಪಟ ಅಲ್ಲ ಸ್ವಾಮಿ ಅದು, ಕೂತಾಗ ಕಣ್ಣಿನ ಮಟ್ಟಕ್ಕೆ ಟಿವಿ ಮಧ್ಯ ಭಾಗ ಬರ್ಬೇಕು. ಎಲ್‌ಸಿಡಿ ಪರದೇಲಿ ವಿಎ, ಐಪಿಎಸ್ ಅಂತ ಎರಡು ಜಾತಿ. ವಿಎ ಪ್ಯಾನೆಲ್ ಆದ್ರೆ ನೇರ ನೋಡಿದ್ರೆ ಕಪ್ಪು ಚೆನ್ನಾಗಿ ಕಾಣುತ್ತೆ, ಕೆಳಗಿಂದಲೋ ಪಕ್ಕದಿಂದಲೋ ನೋಡಿದ್ರೆ ಬಣ್ಣ ಬಿಳಿಚ್ಕೊಳ್ಳುತ್ತೆ. ಐಪಿಎಸ್ ಆದ್ರೆ ದಿವಾನ್ ಮೇಲೆ ಅಡ್ಡ ಮಲಗಿ ನೋಡಿದ್ರೂ ಬಣ್ಣ ಅಷ್ಟು ಹಾಳಾಗಲ್ಲ, ಆದ್ರೆ ಕತ್ತಲಲ್ಲಿ ಕಪ್ಪು ಬೂದಿಯಾಗಿರುತ್ತೆ. ಇಳಿಸೋಕಾಗಲ್ಲ ಅಂದ್ರೆ ಕೊನೇಪಕ್ಷ ಮುಂದಕ್ಕೆ ಬಾಗೋ ಸ್ಟ್ಯಾಂಡ್ ಹಾಕ್ಸಿ.

ರಾಜಾಜಿನಗರದವಳು
ಬುಧವಾರ ಸಂಜೆ 6:30

ಮಧ್ಯೆ ಒಂದ್ ಪ್ರಶ್ನೆ. ಇಲ್ಲಿ ಈಗ ಜೋರು ಮಳೆ, ಚಿತ್ರ ಚೌಕ ಚೌಕ ಆಗಿ ಒಡೀತಿದೆ. ಇದೂ ಸೆಟಿಂಗಾ?

ಡಿಶ್_ಫಿಟ್ಟರ್
ಬುಧವಾರ ಸಂಜೆ 7:15

ಇಲ್ಲ ಮೇಡಂ. ಉಪಗ್ರಹದಿಂದ ಡಿಶ್‌ಗೆ ಬರೋ ಸಿಗ್ನಲ್‌ನ (ಕೆಯು ಬ್ಯಾಂಡ್ ಅಂತಾರೆ) ದಪ್ಪ ಮಳೆ ತಿಂದಾಕತ್ತೆ, ನಿಂತ್ಮೇಲೆ ಸರಿ ಹೋಗತ್ತೆ. ಸಣ್ಣ ಮಳೆಗೂ ಹೋಗತ್ತೆ ಅಂದ್ರೆ ಡಿಶ್ ಅಲುಗಾಡಿದೆ, ಇಲ್ಲಾ ಕೇಬಲ್ ತುದಿಯ ಕನೆಕ್ಟರ್‌ಗೆ ನೀರು ಇಳಿದಿದೆ, ಇಲ್ಲಾ ಪಕ್ಕದ ಮನೆ ಮರದ ಕೊಂಬೆ ಅಡ್ಡ ಬೆಳೆದಿದೆ. ಆದ್ರೆ ಒಂದು ತಿಳ್ಕೊಳ್ಳಿ, ಸಿಗ್ನಲ್ ಕ್ವಾಲಿಟಿ ಜಾಸ್ತಿ ಮಾಡಿದ್ರೆ ಚಿತ್ರ ಇನ್ನೂ ಕ್ಲಿಯರ್ ಆಗತ್ತೆ ಅನ್ನೋದು ಸುಳ್ಳು. ಡಿಜಿಟಲ್ ಅಲ್ವಾ, ಬಂದ್ರೆ ಪೂರ್ತಿ ಬರತ್ತೆ, ಇಲ್ಲಾಂದ್ರೆ ಒಡ್ದು ಹೋಗತ್ತೆ. ಆಂಟೆನಾ ತಿರುಗಿಸಿ ಸೊಳ್ಳೆ ಓಡಿಸೋ ಕಾಲ ಮುಗೀತು.

ಬೋಂಡಾಸೂಪ್
ಗುರುವಾರ ಬೆಳಿಗ್ಗೆ 8:20

ಕಿಟ್ಟಿ, ಡಿಶ್ ಎಚ್‌ಡಿ ಎಷ್ಟೇ ಆದ್ರೂ 4ಕೆ ಅಲ್ಲ. ನೆಟ್‌ಫ್ಲಿಕ್ಸಲ್ಲಿ 4ಕೆ ಬೇಕಂದ್ರೆ ಪ್ರೀಮಿಯಂ ಪ್ಲಾನೇ ಆಗ್ಬೇಕು, 2021ರ ಡಿಸೆಂಬರಲ್ಲಿ ರೇಟ್ ಇಳ್ಸಿದಾಗ ಅದು 649 ಆಗಿದ್ದು. ನೆಟ್ ಸ್ಪೀಡು 15 ಎಂಬಿಪಿಎಸ್ ಬೇಕು ಅಂತ ಅವ್ರೇ ಹೇಳೋದು. ನೂರು ಎಂಬಿ ಪ್ಲಾನ್ ಇದೆ ಅಂತ ಎದೆ ತಟ್ಕೋಬೇಡ, ರೌಟರ್ ರೂಮಲ್ಲಿಟ್ಟು ಎರಡು ಗೋಡೆ ದಾಟಿಸಿದ್ರೆ ಟಿವಿಗೆ ಬರೋದು ಹನಿ ಹನಿ, ಅದು ಚಿತ್ರದ ಕ್ವಾಲಿಟಿ ತಾನೇ ಇಳಿಸ್ಕೊಂಡು ಓಡತ್ತೆ, ನೀನು ಟಿವಿ ಬೈತೀಯ. ಲ್ಯಾನ್ ವೈರ್ ಎಳೆದ್ಬಿಡು.

ಆದ್ರೆ 9 ಅಡಿಯಿಂದ 55 ಇಂಚಲ್ಲಿ 4ಕೆಗೂ ಫುಲ್ ಎಚ್‌ಡಿಗೂ ಚುಕ್ಕಿ ಲೆಕ್ಕದಲ್ಲಿ ವ್ಯತ್ಯಾಸ ಕಾಣೋದು ಕಷ್ಟ. ಡಯನೋರಾ ಸಾರ್ ಲೆಕ್ಕನೇ ಹಿಡಿದ್ರೆ ಫುಲ್ ಎಚ್‌ಡಿ ಚುಕ್ಕಿ ಕಣ್ಣಿಗೆ ಸಿಗೋದು ಏಳಡಿ ಒಳಗೆ. ಸೋಫಾ ಮುಂದೆ ತಳ್ಳು, ದುಡ್ಡು ಖರ್ಚಿಲ್ಲ.

ಕತ್ರಿಗುಪ್ಪೆ_ಕಿಟ್ಟಿ
ಭಾನುವಾರ ರಾತ್ರಿ 9:55

ಇವತ್ತು ಎಲ್ಲ ಮಾಡಿ ಮುಗಿಸ್ದೆ. ಶೋಕೇಸ್ ತೆಗೆಯೋಕೆ ಅಮ್ಮ ಒಪ್ಪಲಿಲ್ಲ, ಬಾಗೋ ಸ್ಟ್ಯಾಂಡ್ ಹಾಕ್ಸಿದ್ದಾಯ್ತು. ಸೋಫಾ ಎರಡಡಿ ಮುಂದೆ ಬಂತು. ರಾತ್ರಿ ಲೈಟಾರಿಸಿ ಕರೀ ಕೋಟಿನ ಗುಂಡಿ ಹುಡುಕಿದೀನಿ, ಗೌಡ್ರ ಪಂಚೆ ನೆರಿಗೆ ಎಣಿಸಿದೀನಿ, ಪಾಪಣ್ಣ ಸಾರ್ ಸಖತ್ ಕೆಲಸ ಮಾಡ್ತು. ಬೆಳಿಗ್ಗೆ ಅಮ್ಮ ಸೀರಿಯಲ್ ಮರುಪ್ರಸಾರ ಹಾಕಿ ಒಂದೇ ನಿಮಿಷಕ್ಕೆ "ಏನೋ ಇದು, ಮೈಸೂರು ಸಿಲ್ಕ್ ಹೋಗಿ ಕಾಟನ್ ಆಗಿದೆ, ಮೊದ್ಲಿನ ಥರ ಮಾಡ್ಕೊಡು" ಅಂದ್ರು. ಆಮೇಲೆ ನೋಡಿದ್ರೆ ಟಿವಿ ಪ್ರತಿಯೊಂದು ಇನ್‌ಪುಟ್ಟಿಗೂ ಬೇರೆ ಬೇರೆ ಸೆಟಿಂಗ್ ನೆನಪಿಟ್ಕೊಳ್ಳತ್ತೆ. ಸೆಟ್‌ಟಾಪ್ ಬಾಕ್ಸ್ ಇರೋ ಎಚ್‌ಡಿಎಂಐ ಒಂದಕ್ಕೆ ಸ್ಟ್ಯಾಂಡರ್ಡ್ ಇಟ್ಟು ಕಲರ್ ಒಂಚೂರು ಜಾಸ್ತಿ ಮಾಡ್ಕೊಟ್ಟೆ, ಸಿನಿಮಾ ಆ್ಯಪ್‌ಗಳಿಗೆ ನನ್ನ ಮೋಡು. ಅಮ್ಮಂಗೆ ಸೀರೆ, ನಂಗೆ ಸಿನಿಮಾ.

ಎಚ್‌ಡಿ ನಂಬರ್‌ಗಳನ್ನೆಲ್ಲ ಕ್ಯಾಲೆಂಡರ್ ಹಾಳೆ ಹಿಂದೆ ದಪ್ಪಕ್ಕೆ ಬರೆದು ರಿಮೋಟ್ ಪಕ್ಕ ಅಂಟಿಸಿದೀನಿ. ಸಂಜೆ ಮ್ಯಾಚ್ ಹಾಕ್ಕೊಂಡು ಕೂತಿದ್ದೆ, ಅಪ್ಪ ನೀರು ಕುಡಿಯೋಕೆ ಅಂತ ಬಂದೋರು ಲೋಟ ಹಿಡ್ಕೊಂಡೇ ಎರಡು ಓವರ್ ನಿಂತಿದ್ರು. ಏನೂ ಮಾತಾಡ್ಲಿಲ್ಲ. ಆಮೇಲೆ ರೂಮಿಗೆ ಹೋಗಿ ಪ್ಲಾಸ್ಟಿಕ್ ಚೇರ್ ಎತ್ಕೊಂಡು ಬಂದ್ರು. ಸೋಫಾ ಪಕ್ಕ ಹಾಕ್ಕೊಂಡು ಕೂತು "ಸೌಂಡ್ ಮಾತ್ರ ಹಳೇದ್ರದ್ದೇ ವಾಸಿ" ಅಂದ್ರು.

ಡಿಶ್_ಫಿಟ್ಟರ್
ಭಾನುವಾರ ರಾತ್ರಿ 10:08

ಅಪ್ಪಾಜಿ ಹೇಳಿದ್ದು ಸರಿ ಸಾರ್, ಈಗಿನ ತೆಳು ಟಿವೀಲಿ ಸ್ಪೀಕರ್ ಕೆಳಗೆ ಮುಖ ಮಾಡಿರತ್ತೆ, ನಿಮ್ಮದು ಶೋಕೇಸಿನ ಗೊಂಬೆಗಳಿಗೆ ಹಾಡ್ತಾ ಇದೆ. ಟಿವಿ ಹಿಂದೆ ಎಚ್‌ಡಿಎಂಐ ಪೋರ್ಟಲ್ಲಿ ಎಆರ್‌ಸಿ (ಟಿವಿ ಸೌಂಡನ್ನ ಹೊರಗಿನ ಸ್ಪೀಕರ್‌ಗೆ ಕಳಿಸೋದು) ಅಂತ ಬರೆದಿರೋದು ಇದ್ಯಾ ನೋಡಿ ಹೇಳಿ.